ಸಂಪಂಗಿ ಕೆರೆ ಎಲ್ಲಿಗೆ ಹೋಯಿತು?

ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರ ಟ್ಯಾಂಕ್ ಬಂಡ್ ರಸ್ತೆ ಇದೆ. ಬಂಡ್ ಅಂದರೆ ಏರಿ. ಏರಿಯ ಹೆಸರು ಉಳಿದಿದೆ, ಧರ್ಮಾಂಬುಧಿ ಕೆರೆ ಇಲ್ಲ. ಆ ಜಾಗದಲ್ಲಿ ಬಸ್ಸು ನಿಲ್ಲುತ್ತವೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಜೋರು ಮಳೆಗೆ ರಸ್ತೆಯಲ್ಲಿ ನೀರು ನಿಂತಾಗಲೆಲ್ಲ ಕೆರೆ ನುಂಗಿದವರು ಯಾರು ಅನ್ನೋ ಜಗಳ ಶುರುವಾಗುತ್ತದೆ. ಒಬ್ಬರ ಕಡೆ ಕೈ ತೋರಿಸಿ ಮುಗಿಸುವ ಕಥೆ ಇದಲ್ಲ.

ಕೆಂಪೇಗೌಡರ ಕಾಲದಿಂದ ಮುನ್ನೂರು ವರ್ಷ ಪೇಟೆ ಬದುಕಿದ್ದು ಇಂಥ ಕೆರೆಗಳ ನೀರಲ್ಲೇ. 1809ರಲ್ಲಿ ದಂಡು, ಅಂದರೆ ಬ್ರಿಟಿಷರ ಸೇನಾ ನೆಲೆ, ಬಂತು. ಸಂಪಂಗಿ ಕೆರೆ ಪೇಟೆಗೂ ದಂಡಿಗೂ ನಡುವೆ ಸಿಕ್ಕಿಕೊಂಡಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆರೆ ಒಂದು, ಅದನ್ನು ನಂಬಿದವರು ಹತ್ತು ಜನ. ದಂಡಿಗೆ ಕುಡಿಯುವ ನೀರು ಇಲ್ಲಿಂದ ಹೋಗುತ್ತಿತ್ತು. ಸುತ್ತ ತೋಟಗಾರಿಕೆಯೇ ಕಸುಬಾದ ತಿಗಳರ ತೋಟ: ಸೊಪ್ಪು, ತರಕಾರಿ, ಹೂವು. ಕೆಲವರಿಗೆ ಮೀನು ಬೇಕು, ಕೆಲವರಿಗೆ ದನಕ್ಕೆ ಹುಲ್ಲು, ಇನ್ನು ಕೆಲವರಿಗೆ ಇಟ್ಟಿಗೆಗೆ ಮಣ್ಣು. ಎಲ್ಲ ಚೆನ್ನಾಗಿತ್ತು ಅಂತ ಸುಮ್ನೆ ಹೇಳಬಾರದು. ನೀರು ಜಾಸ್ತಿ ನಿಂತರೆ ಅಂಚಿನ ತೋಟ ಮುಳುಗುತ್ತದೆ, ಇಳಿದರೆ ಕುಡಿಯೋಕೆ ತಾಪತ್ರಯ. ಜಗಳ ಇತ್ತು. ಆದರೆ ಅದು ನೀರು ಎಷ್ಟಿರಬೇಕು ಅನ್ನೋ ಜಗಳ. ಕೆರೆಯೇ ಬೇಡ ಅಂದವರಿರಲಿಲ್ಲ.

1890ರ ದಶಕದಲ್ಲಿ ಹೆಸರಘಟ್ಟದಿಂದ ಅರ್ಕಾವತಿ ನೀರು ಕೊಳವೆಯಲ್ಲಿ ಬಂತು. ಕೊಡ ಹೊತ್ತವರಿಗೆ ಅದರ ಸುಖ ಗೊತ್ತು, ಅದನ್ನು ಬೈಯುವಂತಿಲ್ಲ. ಆದರೆ ನಲ್ಲಿ ಬಂದ ಮೇಲೆ ಕೆರೆ ತುಂಬಿತಾ ಅಂತ ಕೇಳುವವರು ಕಡಿಮೆಯಾದರು. ಒಣಗಿದ ಅಂಗಳದಲ್ಲಿ ಪೋಲೊ ಆಡಿದರು. 1930ರ ದಶಕ ಮುಗಿಯುವ ಹೊತ್ತಿಗೆ ಉಳಿದಿದ್ದು ಒಂದು ಕುಂಟೆ. ಮಿಕ್ಕ ಜಾಗವೆಲ್ಲ ಜನರ ಕಣ್ಣಿಗೆ ‘ಖಾಲಿ ಜಾಗ’. ತೋಟದವರಿಗೆ ಅದು ಖಾಲಿ ಆಗಿರಲಿಲ್ಲ, ಅಲ್ವಾ?

ಆಮೇಲಿನದು ಬೇಗ ಬೇಗ ನಡೆಯಿತು. ಸಂಪಂಗಿಯಲ್ಲಿ ಕ್ರೀಡಾಂಗಣ ಎದ್ದಿತು, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಹೊಸ ರೂಪ ಪಡೆಯಿತು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ, ಶೂಲೆ ಕೆರೆಯಲ್ಲಿ ಫುಟ್‌ಬಾಲ್, ಚಲ್ಲಘಟ್ಟದಲ್ಲಿ ಗಾಲ್ಫ್. ಆಟಕ್ಕೆ ಈ ಊರಲ್ಲಿ ಬೇರೆ ಸಮತಟ್ಟು ನೆಲವೇ ಸಿಗಲಿಲ್ಲವೇನೋ!

ಕುಂಟೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕರಗ ತಿಗಳರ ಹಬ್ಬ, ಅದಕ್ಕೆ ಸಂಪಂಗಿ ಕೆರೆ ಬೇಕೇ ಬೇಕು. ಚೈತ್ರದ ಹುಣ್ಣಿಮೆ ಹತ್ತಿರ ಬಂದಾಗ ಮುಖ್ಯ ಕರಗಕ್ಕೆ ಮುಂಚೆ ನಡೆಯುವ ಹಸಿ ಕರಗಕ್ಕೆ ಜನ ಈಗಲೂ ಅಲ್ಲಿಗೇ ಹೋಗುತ್ತಾರೆ.