ಕೈಚೀಲದ ಕಾಂಡೋಮ್ ಸಾಕ್ಷ್ಯವಾದದ್ದು ಹೇಗೆ?

ಲೈಂಗಿಕ ಕಾರ್ಯಕರ್ತೆಯರು ತಮ್ಮ ಆರೋಗ್ಯ ಕಾಪಾಡಿಕೊಳ್ಳಲು ಬಳಸುವ ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ಪರಿಗಣಿಸಬಾರದು ಎಂಬ, ತಾನೇ ನೇಮಿಸಿದ್ದ ಸಮಿತಿಯ ಶಿಫಾರಸನ್ನು ಪಾಲಿಸುವಂತೆ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಸೂಚಿಸಿತು. ಸರ್ಕಾರವೇ ಉಚಿತವಾಗಿ ಹಂಚುವ ವಸ್ತುವಿನ ಬಗ್ಗೆ ಹೀಗೊಂದು ಮಾತು ಯಾಕೆ ಬೇಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1986ರಲ್ಲಿ ಮದ್ರಾಸಿನ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿಗಳಲ್ಲಿ ಎಚ್‌ಐವಿ ಪತ್ತೆಯಾದ ಮೇಲೆ, ಸೋಂಕಿನ ಅಪಾಯಕ್ಕೆ ಒಳಗಾದವರನ್ನೇ ಸೋಂಕಿನ ಮೂಲವೆಂದು ನೋಡುವ ಅಭ್ಯಾಸ ಬೆಳೆಯಿತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮವೂ ಕಲ್ಕತ್ತೆಯ ಸೋನಾಗಾಚಿಯಲ್ಲಿ ಈ ವೃತ್ತಿಯ ಮಹಿಳೆಯರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡಿಕೊಂಡ ಪ್ರಯೋಗವೂ ಆರಂಭವಾದವು. ಈ ವೃತ್ತಿಯ ಕುರಿತ ಕಾನೂನು ಮಾತ್ರ 1956ರದ್ದೇ ಉಳಿಯಿತು. ಅದರ ಪ್ರಕಾರ ವಯಸ್ಕ ಮಹಿಳೆ ಸ್ವಇಚ್ಛೆಯಿಂದ ನಡೆಸುವ ವೃತ್ತಿ ತಾನಾಗಿಯೇ ಅಪರಾಧವಲ್ಲ, ಆದರೆ ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದು ಅಪರಾಧ.

ಈ ತೊಡಕು ಸ್ಪಷ್ಟವಾಗಿ ಕಂಡದ್ದು ಮೈಸೂರಿನಲ್ಲಿ. ಸೋನಾಗಾಚಿಯಲ್ಲಿ ಇದ್ದಂತೆ ಇಲ್ಲಿ ವೃತ್ತಿಗೆಂದೇ ಒಂದು ಬಡಾವಣೆ ಇರಲಿಲ್ಲ. ಹೆಚ್ಚಿನವರು ಗಿರಾಕಿಯನ್ನು ಬೀದಿಯಲ್ಲೇ ಹುಡುಕಿ ಲಾಡ್ಜಿಗೆ ಹೋಗುತ್ತಿದ್ದರು. ಪೊಲೀಸರು ಚೀಲ ತಪಾಸಣೆ ಮಾಡಿದರೆ, ಗಿರಾಕಿಯನ್ನು ಕರೆದದ್ದಕ್ಕೆ ಸಾಕ್ಷ್ಯವಾಗಿ ಸಿಕ್ಕಿಬೀಳಿಸುವುದು ಕಾಂಡೋಮ್ ಎನ್ನುವಾಗ, ಅದನ್ನು ಇಟ್ಟುಕೊಳ್ಳದಿರುವುದೇ ಜಾಣತನವಾಗುತ್ತದೆ. ಅದನ್ನು ಅಜ್ಞಾನವೆಂದು ಬರೆದಿಟ್ಟ ವರದಿಗಳು ಕಡಿಮೆಯೇನಲ್ಲ.

2004ರಲ್ಲಿ, ಗೇಟ್ಸ್ ಪ್ರತಿಷ್ಠಾನದ ನೆರವಿನ, ಎಚ್ಐವಿ ತಡೆಯುವ 'ಆವಾಹನ್' ಯೋಜನೆಯಡಿ ಅಲ್ಲಿ ಕೆಲಸ ಆರಂಭವಾದಾಗ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಶೇ 26ರಷ್ಟು ಮಹಿಳೆಯರಿಗೆ ಎಚ್‌ಐವಿ ಇತ್ತು. ಲೈಂಗಿಕವಾಗಿ ಹರಡುವ ಇನ್ನೊಂದು ಸೋಂಕಾದ ಸಿಫಿಲಿಸ್ ಶೇ 25ರಷ್ಟಿತ್ತು. ಈ ಎರಡನೆಯ ಅಂಕಿಯೂ ಅಷ್ಟೇ ಮುಖ್ಯ, ಏಕೆಂದರೆ ಸಿಫಿಲಿಸ್‌ನ ಹುಣ್ಣು ಎಚ್‌ಐವಿಗೆ ಬಾಗಿಲು ತೆರೆದಿಡುತ್ತದೆ. ಕ್ಲಮೈಡಿಯಾದಂಥ ಸೋಂಕು ಹೆಂಗಸರಲ್ಲಿ ಬಹುಮಟ್ಟಿಗೆ ಲಕ್ಷಣವನ್ನೇ ತೋರಿಸದ ಕಾರಣ, ನೋವು ಬಂದಾಗ ಆಸ್ಪತ್ರೆಗೆ ಹೋಗುವ ನಮ್ಮ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ನಿಯಮಿತ ತಪಾಸಣೆಯೇ ಬೇಕು. ಆ ಹೊತ್ತಿಗೆ ಬಳಕೆಗೆ ಬಂದ ಔಷಧಿಯ ಬಣ್ಣದ ಪೊಟ್ಟಣಗಳು ಚಿಕಿತ್ಸೆಯನ್ನು ಸರಳಗೊಳಿಸಿದವು: ಗರ್ಭಕೊರಳಿನ ಸೋಂಕಿಗೆ ಬೂದು ಬಣ್ಣದ್ದು, ಯೋನಿಸ್ರಾವಕ್ಕೆ ಹಸಿರು ಬಣ್ಣದ್ದು.

ಆದರೆ ಪೊಟ್ಟಣದವರೆಗೆ ಬರಲು ಮೊದಲು ಚಿಕಿತ್ಸಾಲಯದ ಬಾಗಿಲು ದಾಟಬೇಕು. ಹಗಲು ಮಲಗಲು, ಸ್ನಾನ ಮಾಡಲು ಒಂದು ಕೋಣೆ, ಯಾರನ್ನಾದರೂ ಹಿಡಿದೊಯ್ದರೆ ಕೂಡಲೇ ಠಾಣೆಗೆ ಹೋಗುವ ಸಂಗಾತಿಗಳ ತಂಡ, ಯಾರನ್ನು ಎಲ್ಲಿ ಭೇಟಿಯಾದೆವೆಂದು ಓದು ಬಾರದ 'ಪೀರ್'ಗಳೂ (ಅದೇ ವೃತ್ತಿಯಿಂದ ಬಂದ ಆರೋಗ್ಯ ಕಾರ್ಯಕರ್ತೆಯರು) ತುಂಬಬಹುದಾದ ಚಿತ್ರಗಳ ಹಾಳೆ, ಇಂಥವುಗಳ ಮೇಲೆ ಕಟ್ಟಿದ ಕೆಲಸವನ್ನು ಮುಂದೆ ಮಹಿಳೆಯರದೇ ಸಂಘಟನೆ 'ಆಶೋದಯ' ನಡೆಸಿತು. ಎರಡೂವರೆ ವರ್ಷದ ನಂತರದ ಸಮೀಕ್ಷೆಯಲ್ಲಿ ಸಿಫಿಲಿಸ್ ಶೇ 12ಕ್ಕೆ ಇಳಿದಿತ್ತು; ಎಚ್‌ಐವಿ ಸುಮಾರು ಶೇ 24ರಲ್ಲಿತ್ತು. ಜೀವನಪರ್ಯಂತ ಉಳಿಯುವ ಸೋಂಕಿನ ಅಂಕಿ ಅಷ್ಟು ಬೇಗ ಇಳಿಯುವುದೂ ಇಲ್ಲ. ಬಿಡಿ ಗಿರಾಕಿಗಳೊಂದಿಗೆ ಕಾಂಡೋಮ್ ಬಳಕೆ ಶೇ 65ರಿಂದ 90ಕ್ಕೆ ಏರಿತು, ಖಾಯಂ ಸಂಗಾತಿಯೊಂದಿಗೆ ಶೇ 7ರಿಂದ 30ಕ್ಕೆ ಮಾತ್ರ. ದುಡ್ಡು ಕೊಡುವವನಿಗೆ ಷರತ್ತು ಹಾಕಬಹುದು. ಮನೆಯಲ್ಲಿರುವವನಿಗೆ ಹಾಕಿದರೆ ಅದು ಅನುಮಾನವೆನಿಸುತ್ತದೆ.

ನಂತರದ ದಶಕದಲ್ಲಿ ಯೋಜನೆಗಳು ಸರ್ಕಾರಕ್ಕೆ ಹಸ್ತಾಂತರಗೊಂಡವು, ಸೋಂಕು ದೃಢಪಟ್ಟ ಕೂಡಲೇ ಚಿಕಿತ್ಸೆ ನೀಡುವ ನೀತಿ 2017ರಲ್ಲಿ ಬಂತು, ಸೋಂಕು ತಗಲದಂತೆ ಮೊದಲೇ ನುಂಗುವ ಮಾತ್ರೆಯ ಪ್ರಯೋಗವೂ ಮೈಸೂರಿನಲ್ಲಿ ನಡೆಯಿತು. ಈಗ ಗಿರಾಕಿ ಬಸ್ ಸ್ಟ್ಯಾಂಡಿಗೆ ಬರುವ ಬದಲು ಮೊಬೈಲಿಗೆ ಕರೆ ಮಾಡುತ್ತಾನೆ. ಜಾಗವನ್ನು ನೆಚ್ಚಿಕೊಂಡು ಬರೆದ ಪೀರ್‌ಗಳ ಹಾಳೆಯಲ್ಲಿ ಹಾಗೆ ಕರೆ ಬರುವ ಹೆಂಗಸಿನ ಹೆಸರು ಎಲ್ಲಿಯೂ ಕಾಣುವುದಿಲ್ಲ.