ಬ್ಯಾಡಗಿ ಮೆಣಸಿನಕಾಯಿ: ಬಣ್ಣದ ಲೆಕ್ಕ ಬೇರೆ, ಖಾರದ ಲೆಕ್ಕ ಬೇರೆ

ಕೆಂಪಗಿದ್ದಷ್ಟೂ ಖಾರ ಎಂಬ ಎಣಿಕೆಯನ್ನು ಮೊದಲು ಬಿಟ್ಟುಬಿಡಿ. ಬ್ಯಾಡಗಿ ಕಾಯಿ ಅರ್ಥವಾಗಬೇಕಾದರೆ ಅಷ್ಟು ಮಾಡಲೇಬೇಕು. ಕೆಂಪು ಬಣ್ಣ ಬರುವುದು ಕ್ಯಾಪ್ಸಾಂಥಿನ್, ಕ್ಯಾಪ್ಸೊರುಬಿನ್ ಎಂಬ ಕೆರೊಟಿನಾಯ್ಡ್ ವರ್ಣದ್ರವ್ಯಗಳಿಂದ. ಖಾರ ಬರುವುದು ಕ್ಯಾಪ್ಸೈಸಿನ್ ಮತ್ತು ಅದರ ಬಳಗದಿಂದ. ಬಣ್ಣ ತುಂಬಿಕೊಳ್ಳುವುದು ಕಾಯಿಯ ಸಿಪ್ಪೆಯಲ್ಲಿ. ಖಾರ ಹುಟ್ಟುವುದು ಒಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜದಲ್ಲೇ ಖಾರವಿದೆ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ; ಬೀಜಕ್ಕೆ ಅದು ಪಕ್ಕದ ತಿರುಳಿನಿಂದ ಮೆತ್ತಿದ್ದು, ಅಷ್ಟೇ. ಹೀಗೆ ಎರಡೂ ಬೇರೆ ಬೇರೆಯಾಗಿರುವುದರಿಂದಲೇ ಕಡುಗೆಂಪಾಗಿದ್ದೂ ಖಾರ ಕಡಿಮೆ ಇರುವ ತಳಿ ಸಾಧ್ಯವಾಯಿತು.

ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣ ಇದಕ್ಕೆ ಹೆಸರು ಕೊಟ್ಟ ಊರು. ಆದರೆ ಬೆಳೆ ಆ ಊರಿಗಷ್ಟೇ ಸೀಮಿತವಲ್ಲ. ಧಾರವಾಡ, ಗದಗ ಜಿಲ್ಲೆಗಳ ಎರೆ ಭೂಮಿಯಲ್ಲೂ ಮಳೆಯನ್ನೇ ನಂಬಿ ಬೆಳೆಯುತ್ತಾರೆ. ಊರಿನ ಹೆಸರಿನ ಮೇಲೆ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಸಿಕ್ಕಿದ್ದು 2011ರಲ್ಲಿ.

ಕಾಯಿಯಲ್ಲಿ ಎರಡು ಬಗೆ. ಕಡ್ಡಿ ಎಂದರೆ ಉದ್ದಕ್ಕೆ, ಸಣ್ಣಗೆ, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ಉಬ್ಬಿದ ಹೊಟ್ಟೆಯದು. ಒಣಗಿದ ಡಬ್ಬಿಯನ್ನು ಉದ್ದಕ್ಕೆ ಸೀಳಿ ನೋಡಿ: ಕಡ್ಡಿಗಿಂತ ಬೀಜ ಹೆಚ್ಚು. ಆದರೂ ಬಣ್ಣ, ರುಚಿಗೆ ಹೆಸರಾದ್ದರಿಂದ ಡಬ್ಬಿಗೆ ಸಾಮಾನ್ಯವಾಗಿ ದರ ಹೆಚ್ಚು.

ಅಳತೆಯ ವಿಚಾರ. ಖಾರಕ್ಕೆ ಸ್ಕೋವಿಲ್ ಮಾಪಕ, 1912ರದು. ಮೊದಲು ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುವಾಗಿಸುತ್ತ, ನಾಲಿಗೆಗೆ ಖಾರ ತಿಳಿಯದಾಗುವವರೆಗೆ ರುಚಿ ನೋಡುತ್ತಿದ್ದರು. ಈಗ ಆ ಕೆಲಸ, ಸಾರದಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ್ದು. ಬ್ಯಾಡಗಿಗೆ ಸಾಮಾನ್ಯವಾಗಿ 8,000ದಿಂದ 15,000 ಸ್ಕೋವಿಲ್ ಎನ್ನುತ್ತಾರೆ. ಗುಂಟೂರು ಸಣ್ಣಂ ಅದರ ಎರಡು ಮೂರು ಪಟ್ಟು. ಬಣ್ಣಕ್ಕೆ ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ ಹೆಸರಿನ ಆಸ್ಟಾ ಮೌಲ್ಯ: ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, ಇಳಿದ ಕೆಂಪು ದ್ರಾವಣ 460 ನ್ಯಾನೊಮೀಟರ್ ಬೆಳಕನ್ನು ಎಷ್ಟು ಹೀರುತ್ತದೆಂದು ನೋಡುತ್ತಾರೆ. ಒಳ್ಳೆಯ ಬ್ಯಾಡಗಿ 150ರ ಆಸುಪಾಸು ಮುಟ್ಟುತ್ತದೆ. ಒಲಿಯೊರೆಸಿನ್, ಅಂದರೆ ಕಾಯಿಯ ಗಟ್ಟಿ ಎಣ್ಣೆಸಾರ, ತೆಗೆಯುವ ಕಾರ್ಖಾನೆಗಳಿಗೆ ಬೇಕಾದದ್ದು ಈ ಸಂಖ್ಯೆಯೇ. ಅಲ್ಲಿಂದ ಹೊರಟ ಬಣ್ಣ ತಿಂಡಿಗೂ ಸೇರುತ್ತದೆ, ಲಿಪ್‌ಸ್ಟಿಕ್‌ಗೂ ಸೇರುತ್ತದೆ.

ಅಡುಗೆಮನೆಯಲ್ಲಿ ಇದೇ ರಸಾಯನಶಾಸ್ತ್ರ ಕಾಣುತ್ತದೆ. ಕೆರೊಟಿನಾಯ್ಡ್ ನೀರಿಗೆ ಕರಗದು, ಎಣ್ಣೆಗೆ ಕರಗುತ್ತದೆ. ಹಾಗಾಗಿ ಸಣ್ಣ ಉರಿಯಲ್ಲಿ ಎಣ್ಣೆ ಬಿಟ್ಟು ಹುರಿದ ಕಾಯಿಯಿಂದ ಸಾರಿನ ಮೇಲೆ ಕೆಂಪು ತೇಲುತ್ತದೆ. ಉರಿ ಜಾಸ್ತಿಯಾಯಿತೋ, ಬಣ್ಣ ಕಪ್ಪಿಟ್ಟು ಕಹಿ ಹತ್ತುತ್ತದೆ. ಖಾರ ಸಾಲದೆನ್ನುವವರು ಜೊತೆಗೆ ನಾಲ್ಕು ಗುಂಟೂರು ಕಾಯಿ ಹಾಕುತ್ತಾರೆ.

ಕೊಯ್ಲಿನ ನಂತರದ ಭಾಗವನ್ನು ಗಮನವಿಟ್ಟು ಓದಿ. ಬಣ್ಣ ಉಳಿಯುವುದೂ ಹೋಗುವುದೂ ಅಲ್ಲೇ. ಕಾಯಿಯನ್ನು ಗಿಡದಲ್ಲೇ ಚೆನ್ನಾಗಿ ಹಣ್ಣಾಗಿ ಬಾಡಲು ಬಿಟ್ಟು, ಆಮೇಲೆ ಬಿಡಿಸಿ ಒಣಗಿಸುತ್ತಾರೆ. ತೇವ ಉಳಿದರೆ ಬೂಷ್ಟು, ಅದರ ಹಿಂದೆ ಬೂಷ್ಟು ಉಗುಳುವ ಅಫ್ಲಾಟಾಕ್ಸಿನ್ ಎಂಬ ವಿಷದ ಭಯ. ಅತಿಯಾಗಿ ಒಣಗಿದರೆ ಚೀಲ ತುಂಬುವಾಗಲೇ ಕಾಯಿ ಒಡೆದು ಪುಡಿ. ಬೆಳಕು, ಗಾಳಿ, ಬಿಸಿ ಮೂರೂ ಕೆರೊಟಿನಾಯ್ಡ್‌ಗೆ ಶತ್ರು, ತಿಂಗಳು ಕಳೆದಂತೆ ಕಾಯಿ ಮಂಕಾಗುತ್ತದೆ. ಬ್ಯಾಡಗಿಯ ಸುತ್ತ ಶೀತಲಗೃಹಗಳು ಎದ್ದಿರುವುದು ಇದೇ ಕಾರಣಕ್ಕೆ.

ಅಲ್ಲಿನ ಎಪಿಎಂಸಿಯಲ್ಲಿ ಸೋಮವಾರ, ಗುರುವಾರ ವಹಿವಾಟು. ವರ್ತಕರು ರಾಶಿಯಿಂದ ಕಾಯಿ ಎತ್ತಿ, ಸುಕ್ಕು, ಬಣ್ಣ, ತೇವ ನೋಡಿ ಲಾಟ್‌ಗೆ ದರ ಬರೆಯುತ್ತಾರೆ. ಇತ್ತೀಚೆಗೆ ಇಲ್ಲಿಗೆ 2043ರಂಥ ಹೈಬ್ರಿಡ್ ಕಾಯಿಯೂ ಬರುತ್ತದೆ. ನೋಟಕ್ಕೆ ಕಡ್ಡಿಯ ಹಾಗೇ, ಇಳುವರಿ ಮಾತ್ರ ಹೆಚ್ಚು. ಇಳುವರಿ ಹೆಚ್ಚೆಂದಮೇಲೆ ರೈತ ಅತ್ತ ವಾಲಿದ್ದರಲ್ಲಿ ತಪ್ಪು ಹುಡುಕುವುದು ನನಗೆ ಸರಿ ಕಾಣದು. ಆದರೆ ಪರಪರಾಗಸ್ಪರ್ಶ, ಅಂದರೆ ಒಂದು ಗಿಡದ ಪರಾಗ ಇನ್ನೊಂದು ಗಿಡದ ಹೂವಿಗೆ ಸೇರುವುದು, ಮೆಣಸಿನಕಾಯಿ ಗಿಡದಲ್ಲಿ ಸಾಕಷ್ಟು ನಡೆಯುತ್ತದೆ. ಹೈಬ್ರಿಡ್ ಹೊಲದ ಪಕ್ಕ ಬೆಳೆದ ನಾಟಿ ಕಾಯಿಯಿಂದ ಬೀಜ ಕಟ್ಟಿಟ್ಟರೆ ಮುಂದಿನ ವರ್ಷ ಅದೇ ತಳಿ ಬರುತ್ತದೆಂಬ ಖಾತರಿಯಿಲ್ಲ. ಬೀಜಕ್ಕೆಂದು ಬಿಡುವ ಗಿಡಗಳನ್ನು ದೂರದ ಹೊಲದಲ್ಲಿ ಬೆಳೆಸಬೇಕು, ಇಲ್ಲವೇ ಬಲೆ ಹೊದಿಸಬೇಕು.