ಒಣಎಲೆಯ ಬೆನ್ನು ಹತ್ತಿ

ಜನವರಿ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಕ್ಕಿ ನೋಡುವವರ ನಡುವೆ ಒಂದು ಜಗಳ ಶುರುವಾಗುತ್ತದೆ. ಯಾರೋ ಕಪ್ಪೆಬಾಯಿ ಹಕ್ಕಿಯ ಫೋಟೋ ತೋರಿಸುತ್ತಾರೆ. ಇನ್ಯಾರೋ "ಎಲ್ಲಿ ಸಿಕ್ತು?" ಎನ್ನುತ್ತಾರೆ. ಮೂರನೆಯವರು "ಜಾಗ ಹೇಳ್ಬೇಡಿ" ಎಂದು ಗದರುತ್ತಾರೆ. ಗೂಡಿನ ಫೋಟೋ ತೆಗೆಯಬಹುದಾ, ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬಹುದಾ, ಹಕ್ಕಿ ತೋರಿಸಿ ದುಡ್ಡು ತಗೊಳ್ಳುವುದು ಸರಿಯಾ ಅಂತ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ.

ಮೊದಲು ಹೆಸರಿನ ಗೋಜಲು. ಪೂರ್ತಿ ಹೆಸರು ಶ್ರೀಲಂಕಾ ಕಪ್ಪೆಬಾಯಿ. 1840ರ ದಶಕದಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಸಿಲೋನಿನ ಮಾದರಿ ನೋಡಿ ಇದನ್ನು ವಿವರಿಸಿದ. 1972ರಲ್ಲಿ ದೇಶ ಹೆಸರು ಬದಲಿಸಿತು, ಆಮೇಲೆ ಹಕ್ಕಿಯೂ ಬದಲಿಸಿತು. ಆದರೆ ಇದು ಬರೀ ಆ ದ್ವೀಪದ್ದಲ್ಲ. ನಮ್ಮ ಪಶ್ಚಿಮ ಘಟ್ಟದ್ದೂ ಹೌದು. ಇವೆರಡು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಪಾಕ್ ಜಲಸಂಧಿ ಆಳವಿಲ್ಲದ ಸಮುದ್ರ. ಹಿಮಯುಗದಲ್ಲಿ ನೀರು ಇಳಿದಾಗ ಲಂಕೆಗೂ ನಮಗೂ ನಡುವೆ ನೆಲವೇ ಇತ್ತು. ಈಗ ಅಲ್ಲಿ ಒಂದು ತುಂಡು ಮಳೆಕಾಡು, ಇಲ್ಲೊಂದು ತುಂಡು. ದಾವಣಗೆರೆ ಕಡೆ ಬಯಲಿಗೆ ಇಳಿದರೆ ಈ ಹಕ್ಕಿ ಸಿಗುವುದಿಲ್ಲ. ಹಾಗೆ ನೋಡಿದರೆ ನಮ್ಮ ಘಟ್ಟದ ಕಾನು, ಅಂದರೆ ದಟ್ಟ ಕಾಡು, ಅದೂ ಒಂದು ದ್ವೀಪವೇ, ಸುತ್ತ ನೀರಿಲ್ಲ ಅಷ್ಟೆ.

ಇಷ್ಟು ಕಷ್ಟಪಟ್ಟು ಹುಡುಕುವಂಥದ್ದು ಏನಿದೆ? ಹಕ್ಕಿ ಗೇಣಿಗಿಂತ ಸ್ವಲ್ಪ ಉದ್ದ, ಸುಮಾರು 23 ಸೆಂಟಿಮೀಟರ್. ಗಂಡು ಬೂದು, ಹೆಣ್ಣು ಕಂದುಗೆಂಪು. ರಾತ್ರಿ ಪತಂಗ, ಮಿಡತೆ ಹಿಡಿದು ತಿನ್ನುತ್ತದೆ. ಹಗಲಿಡೀ ಒಂದು ಕೊಂಬೆಯ ಮೇಲೆ ಜೋಡಿ ಅಂಟಿಕೊಂಡು ಕೂತಿರುತ್ತದೆ. ಅನುಮಾನ ಬಂದರೆ ಹಾರುವುದಿಲ್ಲ. ಕೊಕ್ಕನ್ನು ನಿಧಾನಕ್ಕೆ ಮೇಲೆತ್ತಿ, ಕಣ್ಣನ್ನು ಗೆರೆಯಷ್ಟು ಕಿರಿದು ಮಾಡಿ, ಮುರಿದ ಕೊಂಬೆಯ ತುಂಡಾಗಿಬಿಡುತ್ತದೆ.

ನನಗೆ ಮೊದಲ ಸಲ ತೋರಿಸಿದ್ದು ಹೊಸನಗರದ ಭಾವ. ಅವರ ತೋಟದ ಮೇಲಿನ ಸೊಪ್ಪಿನಬೆಟ್ಟ ದಾಟಿ ಕಾನಿಗೆ ಹತ್ತಿ ನಿಂತೆವು. "ಎಲ್ಲಿ ಭಾವ?" ಅಂದೆ. "ನಿನ್ನ ಮೂಗಿನ ಎದುರಿಗೇ ಇದೆ ಮಾರಾಯ." ಬೆತ್ತದ ಬಳ್ಳಿಗೆ ಎರಡು ಒಣಎಲೆ ಸಿಕ್ಕಿಕೊಂಡಿದ್ದವು. ಐದು ನಿಮಿಷ ಅವನ್ನೇ ನೋಡಿದೆ. ಗಾಳಿ ಬೀಸಿತು. ಸುತ್ತಲಿನ ಎಲೆಯೆಲ್ಲ ಅಲ್ಲಾಡಿತು, ಅವೆರಡು ಮಾತ್ರ ಅಲ್ಲಾಡಲಿಲ್ಲ. ಆಗ ಮೂಗಿನ ಮೇಲಿನ ಬಿರುಗೂದಲು ಕಂಡಿತು. ಇವತ್ತಿಗೂ ಬೇಸಿಗೆಯಲ್ಲಿ ದರಗು, ಅಂದರೆ ಉದುರಿದ ಒಣಎಲೆ, ಗುಡಿಸುವವರನ್ನು ಕಂಡರೆ ನನಗೆ ಸುಮ್ನೆ ನಗು ಬರುತ್ತದೆ.

ಇನ್ನು ಹುಡುಕಾಟದ ಕಥೆ. ಶುರುವಿನಲ್ಲಿ ಹುಡುಕುವುದು ಎಂದರೆ ಕೋವಿ. 1890ರ ದಶಕದಲ್ಲಿ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದ ಜೇಮ್ಸ್ ಡೇವಿಡ್‌ಸನ್ ಅಲ್ಲಿನ ಕಲೆಕ್ಟರ್. ಅಂಥ ಅಧಿಕಾರಿಗಳ ಕಾಲದಲ್ಲಿ ಹಕ್ಕಿ ಹೊಡೆದು ಚರ್ಮ ಒಣಗಿಸಿ ಇಟ್ಟರೇ ದಾಖಲೆ. 1939-40ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿ ಸಮೀಕ್ಷೆ ಮಾಡುವಾಗಲೂ ಕೋವಿ ಜೊತೆಗಿತ್ತು. ಆಮೇಲೆ ದುರ್ಬೀನು ಬಂತು, ಲಿಂಗನಮಕ್ಕಿ ಅಣೆಕಟ್ಟು ತುಂಬಿ ಶರಾವತಿ ಕಣಿವೆಯ ಕಾಡು ಮುಳುಗಿತು, ಗುಡ್ಡಗಳಿಗೆ ಅಕೇಶಿಯಾ ಬಂತು.

ನಡುವೆ ನಮ್ಮ ಶಿವಮೊಗ್ಗ ಜಿಲ್ಲೆಗೆ ಮಾತ್ರ ಸೇರಿದ ಒಂದು ಅಧ್ಯಾಯವಿದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನಕ್ಕೂ ಜ್ವರ ಬಂತು. ಪತ್ತೆಯಾದ ವೈರಸ್ ರಷ್ಯಾದ ಒಂದು ಉಣುಗು ಜ್ವರದ ವೈರಸ್ಸಿನ ಹತ್ತಿರದ ನೆಂಟ. ಅದು ಅಷ್ಟು ದೂರದಿಂದ ಇಲ್ಲಿಗೆ ಹೇಗೆ ಬಂತು? ಅನುಮಾನ ಹೋಗಿದ್ದು ವಲಸೆ ಹಕ್ಕಿಗಳ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿ ಹಿಡಿದು ಕಾಲಿಗೆ ಗುರುತಿನ ಬಳೆ ತೊಡಿಸುವ ಕೆಲಸ ಶುರು ಮಾಡಿತು. ಭಾರತದಲ್ಲಿ ಹಕ್ಕಿ ವಲಸೆಯ ದೊಡ್ಡ ಅಧ್ಯಯನಕ್ಕೆ ನಮ್ಮ ಮಂಗನ ಕಾಯಿಲೆಯೂ ಒಂದು ಕಾರಣ ಅಂದರೆ ನಂಬುವುದು ಕಷ್ಟ, ಅಲ್ವಾ?

ಆ ಕಾಯಿಲೆ ಈಗಲೂ ಹುಡುಕಾಟದ ಕ್ಯಾಲೆಂಡರನ್ನು ಬರೆಯುತ್ತಿದೆ. ಕಪ್ಪೆಬಾಯಿ ನಮ್ಮ ಕಡೆ ಗೂಡು ಮಾಡುವುದು ಹೆಚ್ಚಾಗಿ ಜನವರಿಯಿಂದ ಏಪ್ರಿಲ್. ಉಣುಗು ಜಾಸ್ತಿಯಾಗಿ ಜ್ವರ ಏರುವುದೂ ಅದೇ ತಿಂಗಳು. 2018-19ರಲ್ಲಿ ಸಾಗರದ ಅರಳಗೋಡಿನಲ್ಲಿ ಸಾವುಗಳಾದ ಮೇಲೆ ಕೈಕಾಲಿಗೆ ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚದೆ ಕಾನು ಹತ್ತುವ ಧೈರ್ಯ ಊರಿನವರಿಗಿಲ್ಲ. ಹೊರಗಿನಿಂದ ಬರುವವರು ಚಡ್ಡಿ ಹಾಕಿಕೊಂಡು ಒಣಎಲೆಯ ಮೇಲೆ ಅಂಗಾತ ಮಲಗಿ ಫೋಟೋ ತೆಗೆಯುವುದನ್ನು ನಾನೇ ನೋಡಿದ್ದೇನೆ.

ಈಗಿನ ತಕರಾರಿನ ಬೇರು ಇರುವುದು ಕಳೆದ ಇಪ್ಪತ್ತು ವರ್ಷದಲ್ಲಿ. ರೀಲ್ ಕ್ಯಾಮೆರಾದ ಕಾಲದಲ್ಲಿ 36 ಚಿತ್ರಕ್ಕೆ ಒಂದು ರೋಲು ಮುಗಿಯುತ್ತಿತ್ತು, ಒಂದೊಂದು ಕ್ಲಿಕ್ಕಿಗೂ ಯೋಚನೆ. ಡಿಜಿಟಲ್ ಬಂದ ಮೇಲೆ ಆ ಲೆಕ್ಕ ಹೋಯಿತು. 2005ರಲ್ಲಿ ಕ್ಸೆನೊ-ಕ್ಯಾಂಟೊ ಎಂಬ ಜಾಲತಾಣ ಶುರುವಾಗಿ, ಹಕ್ಕಿಗಳ ಕೂಗು ಯಾರಿಗೆ ಬೇಕಾದರೂ ಪುಕ್ಕಟೆ ಸಿಗತೊಡಗಿತು. ಸಂಜೆ ಕಾಡಿನಂಚಿನಲ್ಲಿ ನಿಂತು ಮೊಬೈಲಿನಲ್ಲಿ ಕೂಗು ಹಾಕಿದರೆ, ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ಹಕ್ಕಿ ಉತ್ತರ ಕೊಡುತ್ತದೆ. ಸಮೀಕ್ಷೆ ಮಾಡುವವರು ಲೆಕ್ಕ ಇಟ್ಟು ಇದನ್ನು ಬಳಸುತ್ತಾರೆ. ಒಂದೇ ಸಂಜೆ ನಾಲ್ಕು ಜೀಪಿನವರು ನಾಲ್ಕು ಸಲ ಹಾಕಿದರೆ ಹಕ್ಕಿಗೆ ಬೇಟೆಗೆ ಹೋಗುವ ಹೊತ್ತೆಲ್ಲ ಇಲ್ಲದ ಶತ್ರುವಿಗೆ ಬೈಯುವುದರಲ್ಲೇ ಕಳೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಹಕ್ಕಿಯ ಸ್ವಭಾವದಲ್ಲೇ ಇದೆ. ಕಪ್ಪೆಬಾಯಿ ದಿನವೂ ಅದೇ ಕೊಂಬೆಗೆ ಬಂದು ಕೂರುವ ಹಕ್ಕಿ. ಒಬ್ಬರು ಕಷ್ಟಪಟ್ಟು ಹುಡುಕಿದರೆ ಸಾಕು, ಉಳಿದವರು ಹುಡುಕಬೇಕಿಲ್ಲ. ಕೊಂಬೆ ಗೊತ್ತಿದ್ದರಾಯಿತು. ಫೋಟೋದ ಜೊತೆಗೇ ಜಾಗದ ಗುರುತನ್ನೂ ಮೊಬೈಲು ಬರೆದಿಟ್ಟುಕೊಂಡಿರುತ್ತದೆ. ಹುಡುಕಾಟ ಅಂತ ಈಗ ನಾವು ಕರೆಯುವುದರಲ್ಲಿ ಹುಡುಕುವುದು ಕಡಿಮೆ, ಸರದಿಯಲ್ಲಿ ನಿಲ್ಲುವುದು ಜಾಸ್ತಿ. ಸರದಿಯಲ್ಲಿ ನಾನೂ ನಿಂತಿದ್ದೇನೆ.

ಗೂಡಿನ ವಿಷಯವಂತೂ ಇನ್ನೂ ಸೂಕ್ಷ್ಮ. ಗೂಡು ಅಂಗೈಗಿಂತ ಚಿಕ್ಕದು. ತನ್ನದೇ ಮೆತ್ತನೆಯ ಪುಕ್ಕ, ಹೊರಗೆ ತೊಗಟೆಯ ಚೂರು, ಕಲ್ಲುಹೂವು. ಒಂದೇ ಮೊಟ್ಟೆ. ಹಗಲು ಕಾವಿಗೆ ಕೂರುವುದು ಗಂಡು. ಚಿತ್ರ ಚೆನ್ನಾಗಿ ಬರಲಿ ಅಂತ ಅಡ್ಡ ಬಂದ ಎರಡು ಎಲೆ ಕಿತ್ತರೆ ನಮಗೆ ಕಂಡ ಹಾಗೇ ಮೊಟ್ಟೆ ಕದಿಯುವ ಮಟಪಕ್ಷಿಗೂ ಕಾಣುತ್ತದೆ. ಈಗ ಎಷ್ಟೋ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರ ತಗೊಳ್ಳುವುದಿಲ್ಲ. ಕಾನೂನು ಇದಕ್ಕಿಂತ ಹಳೆಯದು. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ, ಕಪ್ಪೆಬಾಯಿಗೂ ಜಾಗವಿದೆ. ಅದೇ ಹೊತ್ತಿಗೆ ಅಂತರರಾಷ್ಟ್ರೀಯ ಕೆಂಪುಪಟ್ಟಿ ಇದಕ್ಕೆ ಸದ್ಯ ಅಪಾಯವಿಲ್ಲ ಎನ್ನುತ್ತದೆ. ಎರಡೂ ಕಡೆಯವರು ತಮಗೆ ಬೇಕಾದ ಪಟ್ಟಿ ಹಿಡಿದುಕೊಂಡು ಜಗಳಕ್ಕೆ ಬರುತ್ತಾರೆ.

ಹೋಂಸ್ಟೇ ನಡೆಸುವವರ ಮಾತಿನಲ್ಲೂ ಹುರುಳಿದೆ. ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷ ಹಕ್ಕಿ ನೋಡಲು ಬಂದವರೇ ಮನೆ ನಡೆಸಿದ್ದಾರೆ. ದುಡ್ಡು ತರುವ ಹಕ್ಕಿಯ ಕಾನನ್ನು ಯಾರೂ ಸುಮ್ಮನೆ ಕಡಿಸುವುದಿಲ್ಲ ಎನ್ನುತ್ತಾರೆ. ನಿಜ. ಕಡಿಯದೆಯೂ ಹಕ್ಕಿ ಜಾಗ ಬಿಡಬಹುದು ಎನ್ನುವುದೂ ನಿಜ.

ಲಂಕೆಯದೇ ಒಂದು ಕಥೆ ಇಲ್ಲಿ ನೆನಪಾಗುತ್ತದೆ. ದೀಪಲ್ ವಾರಕಗೋಡ ಎಂಬ ಪಕ್ಷಿತಜ್ಞರು 1995ರಲ್ಲಿ ಕಿತುಲ್‌ಗಲದ ಮಳೆಕಾಡಿನಲ್ಲಿ ಗುರುತಿಗೆ ಸಿಗದ ಒಂದು ಕೂಗು ಕೇಳಿದರು. ಆ ಕೂಗಿನ ಒಡೆಯ ಕಣ್ಣಿಗೆ ಬಿದ್ದಿದ್ದು 2001ರಲ್ಲಿ, ಸಿಂಹರಾಜ ಕಾಡಿನಲ್ಲಿ. ಅದೊಂದು ಪುಟ್ಟ ಕೆಂಗಂದು ಗೂಬೆ, ಆ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲದ್ದು. 2004ರಲ್ಲಿ ಹೆಸರಿಟ್ಟರು. ಆರು ವರ್ಷ ಬರೀ ಕಿವಿಯ ಮೇಲೆ ನಡೆದ ಹುಡುಕಾಟ. ನಮ್ಮಲ್ಲಿ ಶನಿವಾರ ರಾತ್ರಿ ಬಂದವರಿಗೆ ಭಾನುವಾರ ಮಧ್ಯಾಹ್ನದ ಊಟಕ್ಕೆ ಮುಂಚೆ ಹಕ್ಕಿ ಕಾಣಬೇಕು.

ಕಪ್ಪೆಬಾಯಿಯನ್ನು ಕೇಳುವುದು ಅಷ್ಟು ಕಷ್ಟವಲ್ಲ. ಕತ್ತಲಾಗುವಾಗ ಹೆಣ್ಣು ಜೋರಾಗಿ ಕಿರುಚಿ ಸ್ವರ ಇಳಿಸುತ್ತದೆ, ಗಂಡು ಗೊಗ್ಗರು ದನಿಯಲ್ಲಿ ಓಗೊಡುತ್ತದೆ. ಭಾವನ ಮನೆಯ ಜಗಲಿಗೇ ಕೇಳಿಸುತ್ತದೆ, ಕಾಫಿ ಕುಡಿಯುತ್ತಾ ಕೂತರೆ ಸಾಕು.

ಮೂರು ವರ್ಷದ ಹಿಂದೆ ಆ ಬೆತ್ತದ ಬಳ್ಳಿಯ ಹತ್ತಿರ ಯಾರೋ ಎಲೆ ಸವರಿ, ನೆಲ ತುಳಿದು ಹೋಗಿದ್ದರು. ಜೋಡಿ ಆ ಕೊಂಬೆಗೆ ಮತ್ತೆ ಬರಲಿಲ್ಲ. ಈಗ ಯಾರು ಕೇಳಿದರೂ ಭಾವ "ಈ ವರ್ಷ ಬಂದಿಲ್ಲ" ಎನ್ನುತ್ತಾರೆ. ಹೋದ ವಾರ ನಾನು ಕೇಳಿದಾಗಲೂ ಅದನ್ನೇ ಅಂದರು.